ವಾಚ್ ನಿಮ್ಮ ಕೈಯಲ್ಲಿ, ಪ್ರಯೋಗ ಕಂಪನಿಯದು: ಅಪ್‌ಡೇಟ್ ಕೆಟ್ಟರೆ ಹೊಣೆ ಯಾರದು?

ವಿಶಾಖಪಟ್ಟಣ/ವಿಜಯವಾಡ: ವಿಶಾಖಪಟ್ಟಣದ ಆರ್.ಕೆ. ಬೀಚ್ ರಸ್ತೆಯಲ್ಲಿ ಬೆಳಗಿನ ಹೊತ್ತು ವಾಹನಗಳನ್ನು ತಡೆದು, ರಸ್ತೆಯನ್ನು ನಡೆಯುವವರಿಗೆ ಬಿಟ್ಟುಕೊಡಲಾಗುತ್ತದೆ. ವಿಜಯವಾಡದಲ್ಲಿ ಕೃಷ್ಣಾ ನದಿ ದಂಡೆಯಲ್ಲಿ ಬಿಸಿಲೇರುವ ಮೊದಲೇ ವಾಕಿಂಗ್ ಮುಗಿಸುವವರ ಸಾಲು. ಬೆಂಗಳೂರಿನ ಕಬ್ಬನ್ ಪಾರ್ಕ್, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ದೃಶ್ಯವೂ ಇದಕ್ಕಿಂತ ಬೇರೆಯಲ್ಲ. ಎಲ್ಲ ಕಡೆ ಮಣಿಕಟ್ಟಿನಲ್ಲಿ ಒಂದು ಸ್ಮಾರ್ಟ್‌ವಾಚ್ ಇದ್ದೇ ಇರುತ್ತದೆ. ಎಷ್ಟು ಹೆಜ್ಜೆ, ಎದೆಬಡಿತ ಎಷ್ಟು, ರಾತ್ರಿ ನಿದ್ದೆ ಎಷ್ಟು ಎಂಬ ಲೆಕ್ಕವೆಲ್ಲ ಅದರಲ್ಲೇ.

ಇಂಥ ವಾಚ್ ಒಂದು ರಾತ್ರಿ ಚಾರ್ಜಿಗೆ ಇಟ್ಟಾಗ ತಾನಾಗಿಯೇ ಅಪ್‌ಡೇಟ್ ಆಗಿ, ಬೆಳಿಗ್ಗೆ ಎದ್ದು ನೋಡಿದರೆ ಪರದೆ ಕಪ್ಪಾಗಿದ್ದರೆ? ಅಥವಾ ಎರಡು ದಿನ ಬರುತ್ತಿದ್ದ ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿದರೆ? ಇದು ಊಹೆಯ ಮಾತಲ್ಲ. ಕಳೆದ ಕೆಲವು ವರ್ಷಗಳಲ್ಲಿ ಜಗತ್ತಿನ ದೊಡ್ಡ ಕಂಪನಿಗಳ ವಾಚ್‌ಗಳಿಗೇ ಹೀಗಾಗಿದೆ. ಪ್ರತಿ ಸಲವೂ ಏಳುವ ಪ್ರಶ್ನೆ ಒಂದೇ: ಹಣ ಕೊಟ್ಟು ಕೊಂಡ ವಸ್ತುವನ್ನು ಕಂಪನಿಯೇ ಕಳಿಸಿದ ಸಾಫ್ಟ್‌ವೇರ್ ಕೆಡಿಸಿದರೆ ಹೊಣೆ ಯಾರು?

ಒಂದು ಸಲದ ಎಡವಟ್ಟಲ್ಲ

2018ರ ಅಕ್ಟೋಬರ್ 30ರಂದು ಆ್ಯಪಲ್ ವಾಚ್‌ಓಎಸ್ 5.1 ಬಿಡುಗಡೆ ಮಾಡಿತು. ಅಪ್‌ಡೇಟ್ ಹಾಕಿಕೊಂಡ ಕೆಲವು ಸೀರೀಸ್ 4 ವಾಚ್‌ಗಳು ಕಂಪನಿಯ ಚಿಹ್ನೆ ತೋರಿಸುತ್ತಾ ಅಲ್ಲಿಗೇ ನಿಂತುಬಿಟ್ಟವು. ಆಗ ಸೀರೀಸ್ 4 ಮಾರುಕಟ್ಟೆಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಕಂಪನಿ ಅಪ್‌ಡೇಟನ್ನು ಹಿಂತೆಗೆದುಕೊಂಡು, ನವೆಂಬರ್ 5ರಂದು 5.1.1 ಆವೃತ್ತಿ ಕಳಿಸಿತು.

2022ರ ಕೊನೆಯ ಭಾಗದಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ವಾಚ್ 4 ಸರದಿ. ಹೊಸ ಸಾಫ್ಟ್‌ವೇರ್ ಹಾಕಿದ ಬಳಿಕ ಕೆಲವು ವಾಚ್‌ಗಳು ಆನ್ ಆಗಲೇ ಇಲ್ಲ. ಸ್ಯಾಮ್‌ಸಂಗ್ ಸಮಸ್ಯೆಯನ್ನು ಒಪ್ಪಿಕೊಂಡು ಅಪ್‌ಡೇಟ್ ನಿಲ್ಲಿಸಿತು.

2024ರ ಸೆಪ್ಟೆಂಬರ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ ವಾಚ್ ಮತ್ತು ಪಿಕ್ಸೆಲ್ ವಾಚ್ 2ಕ್ಕೆ ವೇರ್ ಓಎಸ್ 5 ಕಳಿಸಲು ಆರಂಭಿಸಿ, ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಕಾರಣ ಅದೇ, ಪರದೆ ಕಪ್ಪಾಗಿ ವಾಚ್ ಪ್ರತಿಕ್ರಿಯಿಸುತ್ತಿರಲಿಲ್ಲ. ಪಿಕ್ಸೆಲ್ ವಾಚ್ 2 ಭಾರತದಲ್ಲಿ 2023ರ ಅಕ್ಟೋಬರ್‌ನಲ್ಲಿ 39,900 ರೂಪಾಯಿಗೆ ಬಂದಿತ್ತು. ಒಂದು ತಿಂಗಳ ಸಂಬಳವನ್ನೇ ಕೊಟ್ಟು ಇದನ್ನು ಕೊಂಡವರೂ ಇದ್ದಾರೆ.

2025ರ ಜನವರಿ 28ರ ಘಟನೆ ಇನ್ನೂ ವಿಚಿತ್ರ. ಓಟಗಾರರು, ಸೈಕಲ್ ಸವಾರರು ಹೆಚ್ಚು ನಂಬುವ ಗಾರ್ಮಿನ್ ವಾಚ್‌ಗಳು ಜಗತ್ತಿನಾದ್ಯಂತ ಏಕಾಏಕಿ ನೀಲಿ ತ್ರಿಕೋನ ತೋರಿಸಿ ಸ್ಥಗಿತಗೊಂಡವು. ಅಂದು ಯಾರೂ ಅಪ್‌ಡೇಟ್ ಬಟನ್ ಒತ್ತಿರಲಿಲ್ಲ. ಉಪಗ್ರಹಗಳ ಸ್ಥಾನ ತಿಳಿಸುವ, ವಾಚ್ ತಾನಾಗಿ ಪಡೆಯುವ ಒಂದು ಸಣ್ಣ ಕಡತ ಕೆಟ್ಟಿತ್ತು, ಅಷ್ಟೇ. ಜಿಪಿಎಸ್ ಆನ್ ಮಾಡಿದ ಕೂಡಲೇ ವಾಚ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿತ್ತು. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಮತ್ತೆ ಆನ್ ಮಾಡಿ ಸಿಂಕ್ ಮಾಡಿ ಎಂದು ಕಂಪನಿ ಸೂಚಿಸಿತು. ಕೆಲವರು ಎಲ್ಲ ಡೇಟಾ ಅಳಿಸಿ ಹೊಸದಾಗಿ ಆರಂಭಿಸಬೇಕಾಯಿತು.

2024ರ ಜುಲೈ 19 ನೆನಪಿದ್ದವರಿಗೆ ಇದು ಪರಿಚಿತ ಕಥೆ. ಅಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆ ಕಳಿಸಿದ ಒಂದು ಸಣ್ಣ ಕಡತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳನ್ನು ಕೆಡವಿತ್ತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟಿದ್ದರು. ಆ ಒಂದು ದಿನ ಕಂಪ್ಯೂಟರಿಗೆ ಆಗಿದ್ದು, ವಾಚ್ ಕಟ್ಟಿದವರಿಗೆ ಆಗಾಗ ಆಗುತ್ತಲೇ ಇದೆ.

ಬೀಟಾ ಎಂದರೆ ಏನು? ಯಾರಿಗಾಗಿ?

ಸಾಫ್ಟ್‌ವೇರ್ ಲೋಕದಲ್ಲಿ ಕಂಪನಿಯ ಒಳಗೇ ನಡೆಯುವ ಪರೀಕ್ಷೆಗೆ ಆಲ್ಫಾ ಎಂದೂ, ಹೊರಗಿನವರ ಕೈಗೆ ಕೊಟ್ಟು ನೋಡುವ ಪರೀಕ್ಷೆಗೆ ಬೀಟಾ ಎಂದೂ ಹೆಸರು. ಯಾರು ಬೇಕಾದರೂ ಸೇರಬಹುದಾದರೆ ಅದು ಪಬ್ಲಿಕ್ ಬೀಟಾ. ಇದು ಹೊಸದೇನಲ್ಲ. 2000ದ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ತನ್ನ ಮ್ಯಾಕ್ ಓಎಸ್ ಟೆನ್‌ನ ಪಬ್ಲಿಕ್ ಬೀಟಾವನ್ನು 29.95 ಡಾಲರ್‌ಗೆ ಮಾರಿತ್ತು. ಪರೀಕ್ಷೆ ಮಾಡಿಕೊಡಲು ಜನ ಹಣವನ್ನೂ ಕೊಟ್ಟಿದ್ದರು! ಜಿಮೇಲ್ 2004ರಿಂದ 2009ರವರೆಗೆ ಬೀಟಾ ಹಣೆಪಟ್ಟಿ ಹೊತ್ತೇ ಓಡಾಡಿತು.

ವಾಚ್‌ಗೆ ಪಬ್ಲಿಕ್ ಬೀಟಾ ಬಂದಿದ್ದು ತಡವಾಗಿ. ಆ್ಯಪಲ್ ವಾಚ್‌ಗೆ ಮೊದಲ ಪಬ್ಲಿಕ್ ಬೀಟಾ ಸಿಕ್ಕಿದ್ದು 2020ರ ಆಗಸ್ಟ್‌ನಲ್ಲಿ, ವಾಚ್‌ಓಎಸ್ 7ಕ್ಕೆ. ಐಫೋನ್‌ಗೆ ಅದು 2015ರಲ್ಲೇ ಬಂದಿತ್ತು. ವಾಚ್ ವಿಷಯದಲ್ಲಿ ಐದು ವರ್ಷ ಹಿಂಜರಿದದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಫೋನ್ ಕೆಟ್ಟರೆ ಕೇಬಲ್ ಚುಚ್ಚಿ ಕಂಪ್ಯೂಟರಿನಿಂದ ಸರಿಪಡಿಸಬಹುದು. ವಾಚ್‌ನಲ್ಲಿ ಬಳಕೆದಾರ ಕೇಬಲ್ ಚುಚ್ಚುವ ಜಾಗವೇ ಇಲ್ಲ.

ಬೀಟಾ ಸೇರುವವರಿಗೆ ಕಂಪನಿ ಎಚ್ಚರಿಕೆ ಕೊಡುತ್ತದೆ ನಿಜ. ದಿನನಿತ್ಯದ ಮುಖ್ಯ ಕೆಲಸಕ್ಕೆ ಬಳಸುವ ಸಾಧನದಲ್ಲಿ ಹಾಕಬೇಡಿ, ಒಮ್ಮೆ ಹಾಕಿದರೆ ಹಳೆಯ ಆವೃತ್ತಿಗೆ ಮರಳಲು ಆಗುವುದಿಲ್ಲ ಎಂದೆಲ್ಲ ಬರೆದಿರುತ್ತದೆ. ಆದರೆ ಎರಡು ವಾಚ್ ಇಟ್ಟುಕೊಂಡವರು ಎಷ್ಟು ಮಂದಿ? ಕೈಯಲ್ಲಿ ಕಟ್ಟಿರುವ ಒಂದೇ ವಾಚ್‌ನಲ್ಲಿ ಪ್ರಯೋಗ ಮಾಡಿ, ನಂತರ ಮೂರು ತಿಂಗಳು ಪರದಾಡುವವರೇ ಹೆಚ್ಚು. ಜೂನ್‌ನಲ್ಲಿ ಘೋಷಣೆ, ಬೇಸಿಗೆ ಕಳೆಯುವಷ್ಟರಲ್ಲಿ ಬೀಟಾ, ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ಬಿಡುಗಡೆ. ವರ್ಷ ವರ್ಷವೂ ಇದೇ ಪಂಚಾಂಗ. ದಿನಾಂಕ ಮೊದಲೇ ನಿಗದಿಯಾಗಿರುವಾಗ ದೋಷ ತಿದ್ದಲು ಸಿಗುವ ಸಮಯ ಅಷ್ಟಕ್ಕಷ್ಟೇ. ಜುಲೈಯಲ್ಲಿ ವರದಿ ಮಾಡಿದ ದೋಷ ಸೆಪ್ಟೆಂಬರ್‌ನ ಅಂತಿಮ ಆವೃತ್ತಿಯಲ್ಲೂ ಕಂಡಾಗ, ಸಂಬಳವಿಲ್ಲದೆ ಪರೀಕ್ಷೆ ಮಾಡಿಕೊಟ್ಟವರ ಸಿಟ್ಟು ಸಹಜ.

ಅಷ್ಟಕ್ಕೂ ಬೀಟಾ ಎಂಬ ಪದ್ಧತಿಯೇ ತಪ್ಪು ಎನ್ನಲಾಗದು. ಸಾವಿರಾರು ಬಗೆಯ ಫೋನ್, ನೂರಾರು ಆ್ಯಪ್, ಬ್ಲೂಟೂತ್ ಜೋಡಣೆ, ಬೇರೆ ಬೇರೆ ಹವೆ. ಇದೆಲ್ಲವನ್ನೂ ಒಂದು ಲ್ಯಾಬ್‌ನಲ್ಲಿ ಪರೀಕ್ಷಿಸಲು ಸಾಧ್ಯವಿಲ್ಲ. ಮೇ ತಿಂಗಳ ವಿಜಯವಾಡದ ಬಿಸಿಲಿನಲ್ಲಿ ಬೆವರಿದ ಮಣಿಕಟ್ಟಿನ ಮೇಲೆ ಎದೆಬಡಿತ ಅಳೆಯುವ ಸೆನ್ಸರ್ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಕ್ಯಾಲಿಫೋರ್ನಿಯಾದ ಎಸಿ ಕೊಠಡಿಯಲ್ಲಿ ತಿಳಿಯುವುದಿಲ್ಲ. ಸ್ವಯಂಪ್ರೇರಿತರಾಗಿ, ಅಪಾಯ ತಿಳಿದು ಮುಂದೆ ಬರುವವರಿಂದ ಎಲ್ಲರಿಗೂ ಲಾಭವೇ.

ಸಮಸ್ಯೆ ಶುರುವಾಗುವುದು ಒಪ್ಪದವರೂ ಪರೀಕ್ಷಕರಾದಾಗ. ಮೇಲೆ ಹೇಳಿದ ನಾಲ್ಕು ಘಟನೆಗಳಲ್ಲಿ ಒಂದೂ ಬೀಟಾ ಅಲ್ಲ. ನಾಲ್ಕೂ ಸಾಮಾನ್ಯ ಗ್ರಾಹಕರಿಗೆ ಕಂಪನಿ ಅಧಿಕೃತವಾಗಿ ಕಳಿಸಿದ್ದವು. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ ಎಂಬ ಗಾದೆ ಇಲ್ಲಿ ಚೆನ್ನಾಗಿ ಹೊಂದುತ್ತದೆ.

ಮುಂದಕ್ಕೆ ದಾರಿಯಿದೆ, ಹಿಂದಕ್ಕಿಲ್ಲ

ಗ್ರಾಹಕರ ಹತಾಶೆಯ ಮೂಲ ದೋಷವಲ್ಲ. ದೋಷ ಎಲ್ಲ ಯಂತ್ರದಲ್ಲೂ ಇರುತ್ತದೆ. ಹಿಂದಿರುಗುವ ದಾರಿ ಮುಚ್ಚಿರುವುದೇ ಹತಾಶೆಯ ಮೂಲ. ನಿನ್ನೆ ಚೆನ್ನಾಗಿದ್ದ ಸಾಫ್ಟ್‌ವೇರ್ ಬೇಕು ಎಂದರೆ ಆ್ಯಪಲ್ ವಾಚ್‌ನಲ್ಲಿ ಬಳಕೆದಾರನಿಗೆ ಆ ಆಯ್ಕೆ ಇಲ್ಲ. 2022ರ ಮಾರ್ಚ್‌ನ ವಾಚ್‌ಓಎಸ್ 8.5ರಿಂದ, ನಿಂತುಹೋದ ವಾಚನ್ನು ಹತ್ತಿರದ ಐಫೋನ್ ಮೂಲಕ ಎಬ್ಬಿಸುವ ಸೌಲಭ್ಯ ಬಂತು. ಅದು ದೊಡ್ಡ ನೆರವು. ಆದರೆ ಅದರಿಂದ ಬರುವುದು ಸದ್ಯದ ಆವೃತ್ತಿಯೇ ಹೊರತು ಹಳೆಯದಲ್ಲ.

ಕಂಪನಿಗಳು ಇದಕ್ಕೆ ಕೊಡುವ ಕಾರಣ ಭದ್ರತೆ. ಹಳೆಯ ಆವೃತ್ತಿಯಲ್ಲಿ ಹ್ಯಾಕರ್‌ಗಳಿಗೆ ಗೊತ್ತಿರುವ ಕಿಂಡಿಗಳಿರುತ್ತವೆ, ಅಲ್ಲಿಗೆ ಮರಳಲು ಬಿಡುವುದು ಅಪಾಯ ಎಂಬುದು ವಾದ. ಇದರಲ್ಲಿ ಹುರುಳಿಲ್ಲದೇ ಇಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಆಗಾಗ ಹೊರಡಿಸುವ ಎಚ್ಚರಿಕೆಗಳಲ್ಲಿ ವಾಚ್‌ಓಎಸ್ ಹೆಸರೂ ಇರುತ್ತದೆ. ಕೂಡಲೇ ಅಪ್‌ಡೇಟ್ ಮಾಡಿಕೊಳ್ಳಿ ಎಂದೇ ಅದರ ಸಲಹೆ.

ಹೀಗಾಗಿ ಬಳಕೆದಾರನ ಪಾಡು ಅತ್ತ ದರಿ, ಇತ್ತ ಪುಲಿ. ಅಪ್‌ಡೇಟ್ ಮಾಡದಿದ್ದರೆ ಭದ್ರತೆಯ ಭಯ, ಮಾಡಿದರೆ ವಾಚ್ ಕೆಡುವ ಭಯ. ಇಲ್ಲಿ ಒಂದು ಸೂಕ್ಷ್ಮವಿದೆ. ಭದ್ರತೆಯ ತೇಪೆ ಮತ್ತು ಹೊಸ ಸೌಲಭ್ಯ ಎರಡೂ ಬೇರೆ ಬೇರೆ. ಅವೆರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಕೊಡುವುದರಿಂದಲೇ ಈ ಇಕ್ಕಟ್ಟು. ಬೀಗ ಬದಲಿಸಲು ಬಂದವರು ಮನೆಯ ಗೋಡೆಯನ್ನೂ ಒಡೆದು ಕಟ್ಟುತ್ತೇವೆ ಎಂದರೆ ಯಾರು ಒಪ್ಪುತ್ತಾರೆ?

ಅಗ್ಗದ ವಾಚ್‌ನವರ ಪಾಡೇನು?

ಇಲ್ಲಿಯವರೆಗೆ ಬಂದ ಹೆಸರುಗಳೆಲ್ಲ ದುಬಾರಿ ವಾಚ್‌ಗಳವು. ಭಾರತದ ಮಾರುಕಟ್ಟೆಯ ಬಹುಪಾಲು ಮಾತ್ರ ಸಾವಿರ, ಎರಡು ಸಾವಿರ ರೂಪಾಯಿಯ ವಾಚ್‌ಗಳದ್ದು. ವಿಶಾಖಪಟ್ಟಣದ ಜಗದಂಬಾ ಜಂಕ್ಷನ್ ಇರಲಿ, ವಿಜಯವಾಡದ ಬೆಸೆಂಟ್ ರೋಡ್ ಇರಲಿ, ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಕಾಣುವುದು ಅವೇ.

ಮಾರುಕಟ್ಟೆ ಸಂಶೋಧನಾ ಸಂಸ್ಥೆ ಐಡಿಸಿ ಪ್ರಕಾರ 2023ರಲ್ಲಿ ದೇಶದಲ್ಲಿ 5.34 ಕೋಟಿ ಸ್ಮಾರ್ಟ್‌ವಾಚ್‌ಗಳು ಮಾರುಕಟ್ಟೆಗೆ ಹೋಗಿದ್ದವು. 2024ರಲ್ಲಿ ಅದು 3.5 ಕೋಟಿಗೆ ಇಳಿಯಿತು, ಅಂದರೆ ಶೇ 34.4ರಷ್ಟು ಕುಸಿತ. ಹೊಸತನವಿಲ್ಲ, ಒಮ್ಮೆ ಕೊಂಡವರು ಮತ್ತೆ ಕೊಳ್ಳುತ್ತಿಲ್ಲ ಎಂಬುದು ಕುಸಿತಕ್ಕೆ ಹೇಳಲಾಗುವ ಮುಖ್ಯ ಕಾರಣ. ಒಮ್ಮೆ ಕೊಂಡವರು ಮತ್ತೆ ಏಕೆ ಕೊಳ್ಳುತ್ತಿಲ್ಲ ಎಂಬುದನ್ನು ಕಂಪನಿಗಳು ತಮ್ಮನ್ನೇ ಕೇಳಿಕೊಳ್ಳಬೇಕು.

ಅಗ್ಗದ ವಾಚ್‌ಗಳಲ್ಲಿ ತೊಂದರೆ ಇನ್ನೊಂದು ಬಗೆಯದು. ಅಲ್ಲಿ ಬೀಟಾ ಎಂಬ ಹೆಸರೇ ಇಲ್ಲ, ಏನು ಬದಲಾಯಿತು ಎಂಬ ವಿವರವೂ ಇಲ್ಲ. ಅನೇಕ ವಾಚ್‌ಗಳಿಗೆ ಅಪ್‌ಡೇಟ್ ಬರುವುದೇ ಅಪರೂಪ. ಬಂದು ಕೆಟ್ಟರೂ ಗ್ರಾಹಕನಿಗೆ ಅದು ಸಾಫ್ಟ್‌ವೇರ್ ದೋಷ ಎಂದು ಗೊತ್ತಾಗುವುದಿಲ್ಲ. ‘ಅಗ್ಗದ ಮಾಲು, ಇಷ್ಟೇ ಇದರ ಆಯಸ್ಸು’ ಎಂದು ಡ್ರಾಯರ್‌ಗೆ ಹಾಕಿ ಸುಮ್ಮನಾಗುತ್ತಾನೆ. ದೂರು ದಾಖಲಾಗದ ನಷ್ಟ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಕೇಳದೆಯೇ ಪರೀಕ್ಷೆಗೆ ಒಡ್ಡಿದಾಗ

ವಾಚ್ ಕೊಂಡವನಿಗೆ ಕಡೇಪಕ್ಷ ಅದನ್ನು ಬಿಚ್ಚಿಡುವ ಸ್ವಾತಂತ್ರ್ಯವಿದೆ. ಆ ಸ್ವಾತಂತ್ರ್ಯವೂ ಇಲ್ಲದವರಿದ್ದಾರೆ. ನಾಗ್ಪುರ, ಪಂಚಕುಲಾ, ಚಂಡೀಗಢ ನಗರಗಳಲ್ಲಿ ಪೌರಕಾರ್ಮಿಕರ ಕೈಗೆ ಜಿಪಿಎಸ್ ವಾಚ್ ಕಟ್ಟಲಾಯಿತು. ಹಾಜರಾತಿ ಅದರಿಂದಲೇ. ಬ್ಯಾಟರಿ ಮುಗಿದರೆ, ಸಿಗ್ನಲ್ ತಪ್ಪಿದರೆ ಕೂಲಿಗೆ ಕತ್ತರಿ ಬೀಳುತ್ತದೆ ಎಂದು ಕಾರ್ಮಿಕರು ಪ್ರತಿಭಟಿಸಿದರು. ಅಲ್ಲಿ ಸಾಫ್ಟ್‌ವೇರ್ ದೋಷದ ಬೆಲೆ ಒಂದು ದಿನದ ಊಟ.

ಆಂಧ್ರಪ್ರದೇಶವೂ ಇಂಥದ್ದೊಂದನ್ನು ಕಂಡಿದೆ, ವಾಚ್ ಬದಲು ಫೋನ್‌ನಲ್ಲಿ. 2022ರ ಆಗಸ್ಟ್ 16ರಿಂದ ರಾಜ್ಯದ ಸರ್ಕಾರಿ ಶಾಲಾ ಶಿಕ್ಷಕರು ಮುಖ ಗುರುತಿಸುವ ಆ್ಯಪ್ ಮೂಲಕ ಹಾಜರಾತಿ ಹಾಕಬೇಕು ಎಂದು ಶಿಕ್ಷಣ ಇಲಾಖೆ ಹೇಳಿತು. ಫೋನ್ ಶಿಕ್ಷಕರದ್ದೇ, ಡೇಟಾ ಖರ್ಚೂ ಅವರದೇ. ಬೆಳಿಗ್ಗೆ 9ರೊಳಗೆ ಹಾಜರಾತಿ ಬೀಳಬೇಕು. ಮೊದಲ ದಿನವೇ ಸರ್ವರ್ ತೊಂದರೆಯಾಯಿತು. ಸ್ವಂತ ಫೋನ್‌ನಲ್ಲಿ ಆ್ಯಪ್ ಹಾಕಿಕೊಳ್ಳುವುದನ್ನು ಶಿಕ್ಷಕರ ಸಂಘಗಳು ವಿರೋಧಿಸಿದವು. ಬಳಿಕ ಸರ್ಕಾರ ಕಾಲಾವಕಾಶ ನೀಡಿತು. ಆ್ಯಪ್ ಒಂದೆರಡು ತಿಂಗಳು ಕೆಲವೇ ಶಾಲೆಗಳಲ್ಲಿ ಪರೀಕ್ಷೆಯಾಗಿ, ದೋಷ ತಿದ್ದಿಕೊಂಡು ರಾಜ್ಯವ್ಯಾಪಿಯಾಗಿದ್ದರೆ ಇಷ್ಟು ಗದ್ದಲವಾಗುತ್ತಿತ್ತೇ? ಉದ್ಯೋಗ ಖಾತರಿ ಕೂಲಿಕಾರರ ಹಾಜರಾತಿ ಆ್ಯಪ್ 2023ರ ಜನವರಿ 1ರಿಂದ ಕಡ್ಡಾಯವಾದಾಗಲೂ ನೆಟ್‌ವರ್ಕ್, ಸರ್ವರ್ ದೂರುಗಳೇ ಮೊದಲು ಬಂದವು. ಕರ್ನಾಟಕದ ಕೂಲಿಕಾರರಿಗೂ ಇದು ಗೊತ್ತಿರುವ ಸಂಗತಿ.

ಅಂದರೆ ‘ಮೊದಲು ಬಿಡುಗಡೆ ಮಾಡೋಣ, ಆಮೇಲೆ ಸರಿಪಡಿಸೋಣ’ ಎಂಬ ಚಾಳಿ ಕಂಪನಿಗಳಿಗಷ್ಟೇ ಸೀಮಿತವಲ್ಲ.

ವೈಜಾಗ್‌ನಲ್ಲೇ ಇದೆ ಇನ್ನೊಂದು ಮಾದರಿ

ಹಾಗಾದರೆ ಎಚ್ಚರದಿಂದ ಪರೀಕ್ಷಿಸಿ ಬಿಡುಗಡೆ ಮಾಡುವ ಪದ್ಧತಿ ಎಲ್ಲೂ ಇಲ್ಲವೇ? ಇದೆ. ಅದನ್ನು ನೋಡಲು ಬೀಚ್ ರಸ್ತೆಯಿಂದ ಬಹಳ ದೂರ ಹೋಗಬೇಕಿಲ್ಲ. ವಿಶಾಖಪಟ್ಟಣದಲ್ಲೇ 270 ಎಕರೆಯಲ್ಲಿ ಆಂಧ್ರಪ್ರದೇಶ ಮೆಡ್‌ಟೆಕ್ ಜೋನ್ ಇದೆ. 2018ರ ಡಿಸೆಂಬರ್ 13ರಂದು ಉದ್ಘಾಟನೆಯಾದ ಈ ಆವರಣದಲ್ಲಿ ವೈದ್ಯಕೀಯ ಉಪಕರಣಗಳ ತಯಾರಿಕೆಯ ಜೊತೆಗೆ ಪರೀಕ್ಷಾ ಪ್ರಯೋಗಾಲಯಗಳೂ ಇವೆ. ಒಂದು ಯಂತ್ರದ ವಿದ್ಯುತ್ಕಾಂತೀಯ ಅಲೆ ಇನ್ನೊಂದಕ್ಕೆ ಅಡ್ಡಿಯಾಗುತ್ತದೆಯೇ, ದೇಹಕ್ಕೆ ತಾಗುವ ವಸ್ತು ಸುರಕ್ಷಿತವೇ ಎಂದು ಅಲ್ಲಿ ಅಳೆದು ನೋಡಲಾಗುತ್ತದೆ.

ವೈದ್ಯಕೀಯ ಉಪಕರಣದ ಸಾಫ್ಟ್‌ವೇರ್‌ಗೆ ಐಇಸಿ 62304 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಸಾಫ್ಟ್‌ವೇರ್ ಬದಲಿಸಿದರೆ ಆ ಬದಲಾವಣೆಯಿಂದ ರೋಗಿಗೆ ಏನಾಗಬಹುದು ಎಂದು ಮೊದಲು ಯೋಚಿಸಿ, ಬರೆದಿಟ್ಟು, ಮತ್ತೆ ಪರೀಕ್ಷಿಸಬೇಕು ಎಂಬುದು ಅದರ ತಿರುಳು. ಭಾರತದಲ್ಲಿ 2020ರ ಫೆಬ್ರವರಿ 11ರ ಕೇಂದ್ರದ ಅಧಿಸೂಚನೆ, ವೈದ್ಯಕೀಯ ಉದ್ದೇಶದ ಸಾಫ್ಟ್‌ವೇರನ್ನೂ ಉಪಕರಣದ ವ್ಯಾಖ್ಯಾನದೊಳಗೆ ತಂದಿತು. ಅದು ಅದೇ ವರ್ಷದ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಆದರೆ ಸ್ಮಾರ್ಟ್‌ವಾಚ್ ಈ ಬಾಗಿಲ ಹೊರಗೇ ನಿಲ್ಲುತ್ತದೆ. ಬಹುತೇಕ ವಾಚ್‌ಗಳ ಪೊಟ್ಟಣದಲ್ಲಿ ‘ಇದು ವೈದ್ಯಕೀಯ ಸಾಧನವಲ್ಲ’ ಎಂಬ ಸಾಲು ಸಣ್ಣ ಅಕ್ಷರದಲ್ಲಿರುತ್ತದೆ. ಜಾಹೀರಾತಿನಲ್ಲಿ ಮಾತ್ರ ಹೃದಯ, ರಕ್ತದ ಆಮ್ಲಜನಕ, ಒತ್ತಡ, ನಿದ್ದೆ ಎಲ್ಲವೂ ದಪ್ಪ ಅಕ್ಷರದಲ್ಲಿ. ಊರಲ್ಲಿರುವ ವಯಸ್ಸಾದ ಅಪ್ಪ ಅಮ್ಮನಿಗೆ ಮಕ್ಕಳು ವಾಚ್ ಕೊಡಿಸುವುದು ಈ ದಪ್ಪ ಅಕ್ಷರ ಓದಿ. ಬಿದ್ದರೆ ಕರೆ ಹೋಗುತ್ತದೆ, ಎದೆಬಡಿತ ಏರುಪೇರಾದರೆ ಎಚ್ಚರಿಸುತ್ತದೆ ಎಂಬ ನಂಬಿಕೆಯಿಂದ. ಅಪ್‌ಡೇಟ್ ಬಳಿಕ ಆ ಎಚ್ಚರಿಕೆ ತಡವಾಗಿ ಬಂದರೆ, ಬಾರದೇ ಹೋದರೆ ಯಾರಿಗೂ ತಕ್ಷಣ ಗೊತ್ತಾಗುವುದಿಲ್ಲ. ಕಪ್ಪು ಪರದೆಗಿಂತ ಇದು ಹೆಚ್ಚು ಅಪಾಯಕಾರಿ. ಪರದೆ ಕಪ್ಪಾದರೆ ವಾಚ್ ಕೆಟ್ಟಿದೆ ಎಂದಾದರೂ ತಿಳಿಯುತ್ತದೆ.

ಕಾನೂನು ಏನು ಹೇಳುತ್ತದೆ?

ಅಪ್‌ಡೇಟ್ ಸಮಸ್ಯೆ ಕೇವಲ ತಾಂತ್ರಿಕ ವಿಚಾರವಲ್ಲ, ಗ್ರಾಹಕರ ಹಕ್ಕಿನ ವಿಚಾರ ಎಂಬುದನ್ನು ಸರ್ಕಾರವೇ ಒಮ್ಮೆ ಒಪ್ಪಿದೆ. 2025ರ ಜನವರಿಯಲ್ಲಿ ಐಓಎಸ್ 18 ಅಪ್‌ಡೇಟ್ ಬಳಿಕ ಐಫೋನ್‌ಗಳ ಕಾರ್ಯಕ್ಷಮತೆ ಕುಸಿದಿದೆ ಎಂಬ ದೂರುಗಳು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದವು. ಅವುಗಳನ್ನು ಆಧರಿಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆ್ಯಪಲ್‌ಗೆ ನೋಟಿಸ್ ನೀಡಿತು. ಇದನ್ನು ತಿಳಿಸಿದವರು ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡ ಸಂಸದ ಪ್ರಲ್ಹಾದ ಜೋಶಿ. ಅದು ಫೋನ್ ಕುರಿತಾದ ನೋಟಿಸ್. ಆದರೆ ಅದೇ ತರ್ಕ ವಾಚ್‌ಗೂ ಅನ್ವಯಿಸದಿರಲು ಕಾರಣವಿಲ್ಲ.

ಹೊರದೇಶಗಳು ಇನ್ನೂ ಮುಂದೆ ಹೋಗಿವೆ. ಅಪ್‌ಡೇಟ್‌ಗಳಿಂದ ಹಳೆಯ ಫೋನ್ ನಿಧಾನವಾದ ಪ್ರಕರಣದಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ 2018ರ ಅಕ್ಟೋಬರ್‌ನಲ್ಲಿ ಆ್ಯಪಲ್‌ಗೆ 1 ಕೋಟಿ ಯೂರೊ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತು. ಫ್ರಾನ್ಸ್‌ನಲ್ಲಿ ಆ್ಯಪಲ್ 2020ರಲ್ಲಿ 2.5 ಕೋಟಿ ಯೂರೊ ತೆರಬೇಕಾಯಿತು. ಗ್ರಾಹಕರಿಗೆ ಮೊದಲೇ ತಿಳಿಸಲಿಲ್ಲ, ಹಳೆಯ ಸ್ಥಿತಿಗೆ ಮರಳಲು ದಾರಿ ಕೊಡಲಿಲ್ಲ ಎಂಬ ಆಕ್ಷೇಪ ಎರಡೂ ದೇಶಗಳಲ್ಲಿ ಕೇಳಿಬಂತು. ಐರೋಪ್ಯ ಒಕ್ಕೂಟ 2024ರಲ್ಲಿ ಒಪ್ಪಿದ ಹೊಸ ಉತ್ಪನ್ನ ಹೊಣೆಗಾರಿಕೆ ನಿರ್ದೇಶನ ಸಾಫ್ಟ್‌ವೇರನ್ನೂ ‘ಉತ್ಪನ್ನ’ ಎಂದೇ ಕರೆಯುತ್ತದೆ. ಸದಸ್ಯ ದೇಶಗಳು ಅದನ್ನು ತಮ್ಮ ಕಾನೂನಿಗೆ ತರಲು ಕೊಟ್ಟ ಗಡುವು 2026ರ ಡಿಸೆಂಬರ್ 9.

ಭಾರತದಲ್ಲಿ ಸದ್ಯಕ್ಕೆ ಇರುವ ಆಯುಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಇದು 2020ರ ಜುಲೈ 20ರಿಂದ ಜಾರಿಗೆ ಬಂತು. ಅದರಲ್ಲಿ ವಾಚ್ ಕೆಟ್ಟವರು ತಿಳಿದಿರಬೇಕಾದ ಮೂರು ಸಂಗತಿಗಳಿವೆ.

ಒಂದು, ಕಾಯ್ದೆಯಲ್ಲಿ ‘ದೋಷ’ ಎಂಬುದರ ಅರ್ಥ ವಿಶಾಲವಾಗಿದೆ. ವಸ್ತುವಿನ ಗುಣಮಟ್ಟ, ಸಾಮರ್ಥ್ಯದಲ್ಲಿನ ಯಾವುದೇ ಕೊರತೆ ಅದರೊಳಗೆ ಬರುತ್ತದೆ. ವಾಚ್‌ನ ಜೊತೆಯಲ್ಲೇ ಬರುವ ಸಾಫ್ಟ್‌ವೇರನ್ನು ಅದರಿಂದ ಬೇರ್ಪಡಿಸಿ ನೋಡುವುದು ಕಷ್ಟ.

ಎರಡು, ‘ಉತ್ಪನ್ನ ಹೊಣೆಗಾರಿಕೆ’ ಎಂಬ ಅಧ್ಯಾಯದಲ್ಲಿ ಪರಿಹಾರ ಸಿಗುವುದು ಉತ್ಪನ್ನದಿಂದ ವ್ಯಕ್ತಿಗೆ ಅಥವಾ ಬೇರೆ ಆಸ್ತಿಗೆ ಹಾನಿಯಾದಾಗ. ಉತ್ಪನ್ನವೇ ಕೆಟ್ಟರೆ ಅದು ಅಲ್ಲಿಗೆ ಸೇರುವುದಿಲ್ಲ. ಹೀಗಾಗಿ ನಿಂತುಹೋದ ವಾಚ್‌ಗೆ ‘ದೋಷ’, ‘ಸೇವಾ ನ್ಯೂನತೆ’ ಎಂಬ ದಾರಿಯೇ ಸರಿ.

ಮೂರನೆಯದು ಹೆಚ್ಚು ಮುಖ್ಯ. ಕಾಯ್ದೆ ‘ಅನ್ಯಾಯದ ಒಪ್ಪಂದ’ ಎಂಬ ಹೊಸ ಕಲ್ಪನೆಯನ್ನು ತಂದಿದೆ. ಯಾರೂ ಓದದ ಹತ್ತಾರು ಪುಟದ ಷರತ್ತುಗಳಿಗೆ ‘ಒಪ್ಪಿದ್ದೇನೆ’ ಎಂದು ಒತ್ತಿಸಿಕೊಂಡು, ನಂತರ ಎಲ್ಲ ಹೊಣೆಯಿಂದ ಜಾರಿಕೊಳ್ಳುವುದು ನ್ಯಾಯವೇ ಎಂದು ಇದರಡಿ ಪ್ರಶ್ನಿಸಬಹುದು. ಕೆಟ್ಟ ವಾಚ್‌ನ ಸಾಮಾನ್ಯ ದೂರನ್ನು ವಿಶಾಖಪಟ್ಟಣದವರು ತಮ್ಮ ಜಿಲ್ಲಾ ಆಯೋಗದಲ್ಲೇ ಹಾಕಬಹುದು. ಅನ್ಯಾಯದ ಒಪ್ಪಂದದ ದೂರು ಕೇಳುವ ಅಧಿಕಾರ ಮಾತ್ರ ಜಿಲ್ಲಾ ಆಯೋಗಕ್ಕಿಲ್ಲ. ಅದು ರಾಜ್ಯ ಆಯೋಗಕ್ಕೆ ಹೋಗಬೇಕು. ಆಂಧ್ರದ ರಾಜ್ಯ ಗ್ರಾಹಕ ಆಯೋಗ ಇರುವುದು ವಿಜಯವಾಡದಲ್ಲಿ, ಕರ್ನಾಟಕದ್ದು ಬೆಂಗಳೂರಿನಲ್ಲಿ. ಎರಡು ಸಾವಿರದ ವಾಚ್‌ಗಾಗಿ 350 ಕಿಲೋಮೀಟರ್ ದೂರದ ಆಯೋಗದಲ್ಲಿ ಷರತ್ತುಗಳ ನ್ಯಾಯ ಕೇಳುವವರು ಯಾರು? ಒಬ್ಬೊಬ್ಬರ ನಷ್ಟ ಚಿಕ್ಕದು, ಎಲ್ಲರದೂ ಸೇರಿದರೆ ದೊಡ್ಡದು. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು.

ಏನು ಬದಲಾಗಬೇಕು?

ಬೇಡಿಕೆಗಳು ಆಕಾಶದ ಚುಕ್ಕಿಯಲ್ಲ. ಮೊದಲನೆಯದು, ಅಪ್‌ಡೇಟ್ ಬಳಿಕ ಒಂದು ತಿಂಗಳಾದರೂ ಹಳೆಯ ಆವೃತ್ತಿಗೆ ಮರಳುವ ಅವಕಾಶ. ಎರಡನೆಯದು, ಭದ್ರತಾ ತೇಪೆ ಮತ್ತು ಹೊಸ ಸೌಲಭ್ಯಗಳನ್ನು ಬೇರ್ಪಡಿಸಿ ಕೊಡುವುದು. ಮೂರನೆಯದು, ಎದೆಬಡಿತ, ಬೀಳುವಿಕೆ ಗುರುತಿಸುವ ಭಾಗ ಬದಲಾದರೆ ಅದನ್ನು ಕನ್ನಡ, ತೆಲುಗಿನಂತಹ ಭಾಷೆಯಲ್ಲಿ ಸ್ಪಷ್ಟವಾಗಿ ತಿಳಿಸುವುದು. ನಾಲ್ಕನೆಯದು, ಕಂಪನಿಯ ಅಧಿಕೃತ ಅಪ್‌ಡೇಟ್‌ನಿಂದ ವಾಚ್ ಸತ್ತರೆ ವಾರಂಟಿ ಮುಗಿದಿದ್ದರೂ ಉಚಿತ ದುರಸ್ತಿ.

ಸರ್ಕಾರದ ಕಡೆಯಿಂದಲೂ ದಾರಿ ಅರ್ಧ ತೆರೆದಿದೆ. ದುರಸ್ತಿಯ ಹಕ್ಕಿಗಾಗಿ ಕೇಂದ್ರ 2022ರ ಡಿಸೆಂಬರ್‌ನಲ್ಲಿ ಪೋರ್ಟಲ್ ಆರಂಭಿಸಿತು. ಸಾಧನಗಳಿಗೆ ದುರಸ್ತಿ ಸೂಚ್ಯಂಕ ನೀಡುವ ಕುರಿತ ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಅಂಕ ನೀಡುವ ಅಂಶಗಳಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಕೂಡ ಒಂದು. ಆದರೆ ಮೊದಲ ಹಂತದಲ್ಲಿ ಹೆಸರಿಸಿದ್ದು ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್ ಮಾತ್ರ. ವಾಚ್ ಆ ಪಟ್ಟಿಗೆ ಸೇರಬೇಕಿದೆ.

ಅಲ್ಲಿಯವರೆಗೆ ಗ್ರಾಹಕರು ಏನು ಮಾಡಬಹುದು?

- ತಾನಾಗಿ ಅಪ್‌ಡೇಟ್ ಆಗುವ ಆಯ್ಕೆಯನ್ನು ಆಫ್ ಮಾಡಿ. ದೊಡ್ಡ ಅಪ್‌ಡೇಟ್ ಬಂದಾಗ ಒಂದೆರಡು ವಾರ ಕಾದು ನೋಡಿ. ತುರ್ತು ಭದ್ರತಾ ಎಚ್ಚರಿಕೆ ಇದ್ದರೆ ಮಾತ್ರ ತಡಮಾಡಬೇಡಿ.
- ಆರೋಗ್ಯಕ್ಕಾಗಿ ನೆಚ್ಚಿಕೊಂಡಿರುವ ಒಂದೇ ವಾಚ್‌ನಲ್ಲಿ, ಅದರಲ್ಲೂ ಹಿರಿಯರ ವಾಚ್‌ನಲ್ಲಿ, ಬೀಟಾ ಹಾಕಬೇಡಿ.
- ಕೆಟ್ಟರೆ ಮೊದಲು ವಿಡಿಯೊ ಮಾಡಿ, ಆವೃತ್ತಿಯ ಸಂಖ್ಯೆ ಮತ್ತು ದಿನಾಂಕ ಬರೆದಿಡಿ. ಸರ್ವಿಸ್ ಸೆಂಟರ್‌ನಲ್ಲಿ ‘ಅಪ್‌ಡೇಟ್ ಬಳಿಕ ಕೆಟ್ಟಿದೆ’ ಎಂದು ಜಾಬ್ ಶೀಟ್‌ನಲ್ಲಿ ಬರೆಸಿಕೊಳ್ಳಿ. ಬಿಲ್ ಜೋಪಾನ.
- ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಐಫೋನ್ ನೋಟಿಸ್ ಹುಟ್ಟಿದ್ದು ಇಂಥ ದೂರುಗಳಿಂದಲೇ.
- ಅಲ್ಲೂ ಪರಿಹಾರ ಸಿಗದಿದ್ದರೆ ಜಿಲ್ಲಾ ಆಯೋಗವಿದೆ. ವಾಚ್ ಎಲ್ಲಿ ಕೊಂಡಿದ್ದರೂ ನೀವು ವಾಸವಿರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಸಲ್ಲಿಸಬೇಕು, ಆನ್‌ಲೈನ್‌ನಲ್ಲಿ ಇ-ಜಾಗೃತಿ ಮೂಲಕವೂ ಸಾಧ್ಯ. ಒಂದೇ ತೊಂದರೆಯ ಹಲವರು ಆಯೋಗದ ಅನುಮತಿ ಪಡೆದು ಒಟ್ಟಾಗಿಯೂ ದೂರು ನೀಡಬಹುದು.

2025ರ ಅಕ್ಟೋಬರ್ 14ರಂದು ಗೂಗಲ್ ವಿಶಾಖಪಟ್ಟಣದಲ್ಲಿ ಎಐ ಹಬ್ ಕಟ್ಟಲು ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್, ಅಂದರೆ ಸುಮಾರು 1.3 ಲಕ್ಷ ಕೋಟಿ ರೂಪಾಯಿ ಹೂಡುವುದಾಗಿ ಘೋಷಿಸಿತು. ಜಗತ್ತಿನ ದೊಡ್ಡ ಸರ್ವರ್‌ಗಳು ಬಂಗಾಳ ಕೊಲ್ಲಿಯ ದಡಕ್ಕೆ ಬರಲಿವೆ. ಅದರ ಪಕ್ಕದಲ್ಲೇ ಬೆಳಗಿನ ವಾಕಿಂಗ್ ಹೋಗುವವರ ಕೈಯಲ್ಲಿ ವೇರ್ ಓಎಸ್ ವಾಚ್‌ಗಳಿವೆ. ಸರ್ವರ್ ಇಷ್ಟು ಹತ್ತಿರ ಬರುವಾಗ ಹೊಣೆಗಾರಿಕೆಯೂ ಹತ್ತಿರ ಬರಬೇಕಲ್ಲವೇ? ಪರೀಕ್ಷೆಗೆ ಒಪ್ಪಿದವನನ್ನು ಪರೀಕ್ಷಕ ಎಂದು ಕರೆಯಲಿ. ಒಪ್ಪದವನು ಗ್ರಾಹಕ, ಅವನಿಗೆ ಸಿಗಬೇಕಾದ್ದು ಕೆಲಸ ಮಾಡುವ ವಾಚ್.